ಎರಡು ಟ್ಯೂನರ್‌ಗಳ ಟಿವಿ ರೆಕಾರ್ಡರ್: ಅದು ಉಳಿಸುವುದೇನು, ಉಳಿಸಲಾರದ್ದೇನು?

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಎರ್ಮಾಳ್ ಕಡಲಿಗೆ ಅಂಟಿಕೊಂಡ ಊರು. ತುಳುನಾಡಿನ ಜಾತ್ರೆಗಳ ಸಾಲು ಎರ್ಮಾಳಿನಲ್ಲಿ ಶುರುವಾಗಿ ಖಂಡೇವಿನಲ್ಲಿ ಮುಗಿಯುತ್ತದೆ ಎಂಬ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಪತ್ತನಾಜೆಯವರೆಗೂ ಕೋಲ, ನೇಮ, ಯಕ್ಷಗಾನ ಎಂದು ಸಂಜೆ ಹೊತ್ತು ಮನೆಯಲ್ಲಿ ಜನ ಕಡಿಮೆ. ಪತ್ತನಾಜೆ ಕಳೆದು ಮಳೆ ಹಿಡಿದರೆ ಎಲ್ಲರೂ ಟಿವಿ ಮುಂದೆ. ಮೊದಲನೆಯ ಕಾಲದಲ್ಲಿ ಧಾರಾವಾಹಿ ತಪ್ಪಿಹೋಗುತ್ತದೆ. ಎರಡನೆಯ ಕಾಲದಲ್ಲಿ ಒಬ್ಬರಿಗೆ ಧಾರಾವಾಹಿ ಬೇಕು, ಇನ್ನೊಬ್ಬರಿಗೆ ಕ್ರಿಕೆಟ್.

ಈ ಎರಡೂ ತೊಂದರೆಗೆ ಪರಿಹಾರವೆಂದು ಬಂದದ್ದು ಎರಡು ಟ್ಯೂನರ್‌ಗಳ ಡಿಜಿಟಲ್ ರೆಕಾರ್ಡರ್. ಹಾರ್ಡ್‌ಡಿಸ್ಕ್‌ನಲ್ಲಿ ಟಿವಿ ಕಾರ್ಯಕ್ರಮ ತುಂಬಿಸಿಡುವ ಟೀವೋ ಪೆಟ್ಟಿಗೆ ಅಮೆರಿಕದಲ್ಲಿ 1999ರಲ್ಲಿ ಮಾರುಕಟ್ಟೆಗೆ ಬಂತು. ಬ್ರಿಟನ್ನಿನ ಸ್ಕೈ ಪ್ಲಸ್ 2001ರಲ್ಲಿ ಎರಡು ಟ್ಯೂನರ್‌ಗಳೊಂದಿಗೆ ಬಂತು. ನಮ್ಮಲ್ಲಿ ಟಾಟಾ ಸ್ಕೈ ಪ್ಲಸ್ 2008ರಲ್ಲಿ ಇದೇ ಸೌಲಭ್ಯ ತಂದಿತು. ಪೆಟ್ಟಿಗೆಯ ಜೊತೆಗೆ ಕೆಲವು ನಂಬಿಕೆಗಳೂ ಮನೆಗೆ ಬಂದವು: ರೆಕಾರ್ಡಿಂಗ್‌ಗೆ ಹಾಕಿಟ್ಟರೆ ಮಳೆ ಬಂದರೂ ಚಿಂತೆಯಿಲ್ಲ; ಎರಡನ್ನು ಒಟ್ಟಿಗೆ ರೆಕಾರ್ಡ್ ಮಾಡಿದರೆ ಚಿತ್ರ ಮಸುಕಾಗುತ್ತದೆ; ಒಮ್ಮೆ ರೆಕಾರ್ಡ್ ಆದದ್ದು ನಮ್ಮದೇ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಟ್ಯೂನರ್ ಎಂದರೇನು? ಎರಡು ಯಾಕೆ ಬೇಕು?

ಉಪಗ್ರಹದಿಂದ ನೂರಾರು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಅವುಗಳಲ್ಲಿ ನಮಗೆ ಬೇಕಾದ ಚಾನೆಲ್ ಇರುವ ತರಂಗವನ್ನು ಮಾತ್ರ ಆರಿಸಿಕೊಳ್ಳುವ ಭಾಗವೇ ಟ್ಯೂನರ್. ಸಾಮಾನ್ಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಇದು ಒಂದೇ ಇರುತ್ತದೆ. ಹಾಗಾಗಿ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡುವ ಅಗ್ಗದ ಬಾಕ್ಸ್‌ಗಳಲ್ಲಿ, ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗ ಬೇರೆ ಚಾನೆಲ್ ನೋಡುವುದು ಸಾಮಾನ್ಯವಾಗಿ ಆಗುವುದಿಲ್ಲ.

ಟ್ಯೂನರ್ ಎರಡಿದ್ದರೆ ಲೆಕ್ಕ ಹೀಗೆ: ಒಂದನ್ನು ರೆಕಾರ್ಡ್ ಮಾಡುತ್ತಾ ಇನ್ನೊಂದನ್ನು ನೇರವಾಗಿ ನೋಡಬಹುದು. ಇಲ್ಲವೇ ಎರಡನ್ನೂ ರೆಕಾರ್ಡ್‌ಗೆ ಹಾಕಿ, ಮೊದಲೇ ರೆಕಾರ್ಡ್ ಆಗಿರುವ ಮೂರನೆಯದನ್ನು ನೋಡಬಹುದು. ಎರಡು ರೆಕಾರ್ಡ್ ಆಗುತ್ತಿರುವಾಗ ಮೂರನೆಯ ಚಾನೆಲ್ ನೇರವಾಗಿ ನೋಡಲು ಹೊರಟರೆ ಬಾಕ್ಸ್ ಒಂದು ರೆಕಾರ್ಡಿಂಗ್ ನಿಲ್ಲಿಸಬೇಕೇ ಎಂದು ಕೇಳುತ್ತದೆ. ಇದು ಕೆಟ್ಟಿರುವುದರ ಲಕ್ಷಣವಲ್ಲ, ಟ್ಯೂನರ್ ಮುಗಿದಿದೆ ಅಷ್ಟೆ.

ಡಿಶ್‌ನಿಂದ ಎರಡು ಕೇಬಲ್ ಇಳಿಸುವುದಕ್ಕೂ ಇದೇ ಕಾರಣ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಪುಟ್ಟ ಡಬ್ಬಿಗೆ ಎಲ್‌ಎನ್‌ಬಿ ಎನ್ನುತ್ತಾರೆ. ಸುಮಾರು 11ರಿಂದ 12 ಗಿಗಾಹರ್ಟ್ಸ್‌ನಲ್ಲಿ ಬರುವ ಸಿಗ್ನಲ್ಲನ್ನು ಅದು ಕೇಬಲ್‌ನಲ್ಲಿ ಹರಿಯಬಲ್ಲ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ಬಾಕ್ಸ್ ಅದೇ ಕೇಬಲ್ ಮೂಲಕ ಕಳುಹಿಸುತ್ತದೆ. 13 ವೋಲ್ಟ್ ಕಳಿಸಿದರೆ ಒಂದು ಬಗೆಯ ತರಂಗಗಳು, 18 ವೋಲ್ಟ್ ಕಳಿಸಿದರೆ ಇನ್ನೊಂದು ಬಗೆಯವು ಕೆಳಗಿಳಿಯುತ್ತವೆ. ಒಂದೇ ಕೇಬಲ್‌ನಲ್ಲಿ ಒಂದೇ ಹೊತ್ತಿಗೆ ಎರಡೂ ವೋಲ್ಟೇಜ್ ಇರಲು ಸಾಧ್ಯವಿಲ್ಲ. ಆದ್ದರಿಂದ ಎರಡು ಟ್ಯೂನರ್‌ಗಳಿಗೆ ಎರಡು ಕಿಂಡಿಯ ಎಲ್‌ಎನ್‌ಬಿ, ಎರಡು ಕೇಬಲ್. ಒಂದೇ ಕೇಬಲ್‌ನಲ್ಲಿ ಎರಡನ್ನೂ ತರುವ ವಿಶೇಷ ಎಲ್‌ಎನ್‌ಬಿಗಳೂ ಇವೆ, ಆದರೆ ಅವಕ್ಕೆ ಹೊಂದುವ ಬಾಕ್ಸ್ ಬೇಕು.

ಎರಡು ರೆಕಾರ್ಡ್ ಮಾಡಿದರೆ ಚಿತ್ರ ಮಸುಕಾಗುತ್ತದೆಯೇ?

ಇಲ್ಲ. ಹಳೆಯ ವಿಸಿಆರ್ ಚಿತ್ರವನ್ನು ಟೇಪಿನ ಮೇಲೆ ಹೊಸದಾಗಿ ಮೂಡಿಸುತ್ತಿತ್ತು, ಅದರಲ್ಲಿ ಸ್ಪಷ್ಟತೆ ಸ್ವಲ್ಪ ಕಳೆದುಹೋಗುತ್ತಿತ್ತು. ಉಪಗ್ರಹದ ಸಿಗ್ನಲ್ ಹಿಡಿಯುವ ಈ ರೆಕಾರ್ಡರ್ ಹಾಗಲ್ಲ. ಆಕಾಶದಿಂದ ಬಂದ ಅಂಕಿಗಳನ್ನೇ ಹಾರ್ಡ್‌ಡಿಸ್ಕ್‌ಗೆ ಬರೆದಿಡುತ್ತದೆ. ಹಾಗಾಗಿ ನೇರ ಪ್ರಸಾರಕ್ಕೂ ರೆಕಾರ್ಡಿಂಗ್‌ಗೂ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲ.

ಡಿಸ್ಕ್‌ಗೆ ಇದು ಭಾರವೂ ಅಲ್ಲ. ಒಂದು ಎಚ್‌ಡಿ ಚಾನೆಲ್ ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಚಾನೆಲ್ ಸೇರಿ 12 ಮೆಗಾಬಿಟ್, ಅಂದರೆ ಸೆಕೆಂಡಿಗೆ ಒಂದೂವರೆ ಮೆಗಾಬೈಟ್. ಸಾಮಾನ್ಯ ಹಾರ್ಡ್‌ಡಿಸ್ಕ್ ಇದರ ಹತ್ತಾರು ಪಟ್ಟು ವೇಗದಲ್ಲಿ ಬರೆಯಬಲ್ಲದು. ಇದೇ ಲೆಕ್ಕದಲ್ಲಿ ಒಂದು ಗಂಟೆಯ ಎಚ್‌ಡಿ ಕಾರ್ಯಕ್ರಮಕ್ಕೆ ಸುಮಾರು 2.7 ಜಿಬಿ ಬೇಕು. 500 ಜಿಬಿ ಡಿಸ್ಕ್ ಪೂರ್ತಿ ಸಿಕ್ಕರೆ 185 ಗಂಟೆ. ಬಾಕ್ಸ್ ತನ್ನ ಕೆಲಸಕ್ಕೂ ಸ್ವಲ್ಪ ಜಾಗ ಇಟ್ಟುಕೊಳ್ಳುವುದರಿಂದ ನಮಗೆ ಸಿಗುವುದು ಅದಕ್ಕಿಂತ ಕಡಿಮೆ. ಇಂಟರ್‌ನೆಟ್ ಡೇಟಾ ಇದಕ್ಕೆ ಖರ್ಚಾಗುವುದಿಲ್ಲ, ಏಕೆಂದರೆ ಎಲ್ಲವೂ ಡಿಶ್‌ನಿಂದಲೇ ಬರುತ್ತದೆ.

ಮಳೆಯಿಂದ ರೆಕಾರ್ಡರ್ ಕಾಪಾಡುತ್ತದೆಯೇ?

ಹೆಚ್ಚು ನಿರಾಸೆ ತರುವುದು ಈ ನಂಬಿಕೆ. ಉಡುಪಿ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 12 ಗಿಗಾಹರ್ಟ್ಸ್ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿಗಳು ಈ ತರಂಗವನ್ನು ಹೀರಿಕೊಳ್ಳುತ್ತವೆ, ಅಡ್ಡಾದಿಡ್ಡಿ ಚದುರಿಸುತ್ತವೆ. ಸಿಗ್ನಲ್ ಸ್ವಲ್ಪ ಕ್ಷೀಣಿಸಿದರೆ ಬಾಕ್ಸ್ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ಮಿತಿ ದಾಟಿದರೆ ಮೊದಲು ಚೌಕ ಚೌಕ, ಮರುಕ್ಷಣ ಕಪ್ಪು ಪರದೆ. ಹಳೆಯ ಆಂಟೆನಾದಲ್ಲಿದ್ದಂತೆ ಚುಕ್ಕೆ ಚುಕ್ಕೆಯಾಗಿಯಾದರೂ ಕಾಣುವ ನಡುವಿನ ಸ್ಥಿತಿ ಡಿಜಿಟಲ್‌ನಲ್ಲಿ ಇಲ್ಲವೆಂದೇ ಹೇಳಬಹುದು.

ಕಡಲಗಾಳಿ ಸಿಗ್ನಲ್ಲನ್ನು ಹಾರಿಸಿಕೊಂಡು ಹೋಗುತ್ತದೆ ಎಂಬ ಮಾತೂ ಇದೆ. ಗಾಳಿ ತರಂಗವನ್ನು ಅಲುಗಿಸಲಾರದು. ಅದು ಅಲುಗಿಸುವುದು ಸಡಿಲವಾದ ಡಿಶ್‌ನ ಬೋಲ್ಟನ್ನು. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಎರ್ಮಾಳಿನಿಂದ ಲೆಕ್ಕ ಹಾಕಿದರೆ ಅದು ಕಾಣುವುದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ಅಂದರೆ ಡಿಶ್ ನೋಡುವುದು ಕಡಲಿನತ್ತ ಅಲ್ಲ, ಘಟ್ಟದ ಕಡೆಯ ಆಕಾಶವನ್ನು. ಮಳೆ ಹನಿಗಳಾಗಿ ಬೀಳಲು ತೊಡಗುವ ಎತ್ತರ ನಮ್ಮಲ್ಲಿ ಸುಮಾರು 5 ಕಿಲೋಮೀಟರ್. ಈ ಕೋನದಲ್ಲಿ ಬರುವ ಸಿಗ್ನಲ್ ನಮ್ಮ ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದ ಊರಿನ ಮೇಲಿರುವ ಮಳೆಯನ್ನೂ ಹಾದು ಬರಬೇಕು. ನಮ್ಮ ಅಂಗಳದಲ್ಲಿ ಹನಿ ಬೀಳದಿದ್ದರೂ ಟಿವಿ ನಿಲ್ಲುವುದು ಇದರಿಂದಲೇ.

ಈಗ ರೆಕಾರ್ಡರ್ ವಿಷಯಕ್ಕೆ ಬರೋಣ. ಡಿಶ್‌ಗೆ ಬಾರದ್ದು ಡಿಸ್ಕ್‌ಗೂ ಬರುವುದಿಲ್ಲ. ಮಳೆ ಸುರಿದ ಹತ್ತು ನಿಮಿಷ ರೆಕಾರ್ಡಿಂಗ್‌ನಲ್ಲಿಯೂ ಖಾಲಿ. ಒಂದು ಟ್ಯೂನರ್ ಸೋತರೆ ಇನ್ನೊಂದು ಕೈಹಿಡಿಯುತ್ತದೆ ಎಂಬುದೂ ಸುಳ್ಳು, ಎರಡೂ ನೋಡುತ್ತಿರುವುದು ಒಂದೇ ಆಕಾಶವನ್ನು. 60 ಸೆಂಟಿಮೀಟರ್ ಡಿಶ್‌ನ ಬದಲು 90 ಸೆಂಟಿಮೀಟರಿನದು ಹಾಕಿದರೆ ಸಿಗ್ನಲ್ ಹಿಡಿಯುವ ವಿಸ್ತಾರ ಎರಡೂಕಾಲು ಪಟ್ಟಾಗುತ್ತದೆ. ಸಾಧಾರಣ ಮಳೆಗೆ ಇದು ಸಾಕಾಗಬಹುದು. ಧೋ ಎಂದು ಸುರಿಯುವಾಗ ಅದೂ ಸೋಲುತ್ತದೆ. ಮಳೆಗಾಲದಲ್ಲಿ ಖರ್ಚಿಲ್ಲದ ಉಪಾಯವೆಂದರೆ ಮರುಪ್ರಸಾರವನ್ನೂ ರೆಕಾರ್ಡ್‌ಗೆ ಹಾಕಿಡುವುದು. ರಾತ್ರಿಯ ಕಂತಿನ ನಡುವೆ ತುಂಡಾದದ್ದು ಮರುದಿನ ಮಧ್ಯಾಹ್ನದ ಪ್ರಸಾರದಲ್ಲಿ ಸಿಗಬಹುದು.

ಅರ್ಧ ರೆಕಾರ್ಡಿಂಗ್‌ಗಳು ಮಾತ್ರ ಹಾಳಾದರೆ?

ಬಿಸಿಲಿದ್ದರೂ ಕೆಲವು ರೆಕಾರ್ಡಿಂಗ್ ಸರಿಯಾಗಿದ್ದು, ಕೆಲವು ಪೂರ್ತಿ ಖಾಲಿಯಾಗಿದ್ದರೆ ಹಾರ್ಡ್‌ಡಿಸ್ಕ್ ಹೋಗಿದೆ ಎಂದು ಹಲವರು ತೀರ್ಮಾನಿಸುತ್ತಾರೆ. ಕಡಲ ತೀರದಲ್ಲಿ ಮೊದಲು ಸಂಶಯಪಡಬೇಕಾದದ್ದು ಎರಡು ಕೇಬಲ್‌ಗಳಲ್ಲಿ ಒಂದನ್ನು. ಉಪ್ಪಿನ ಗಾಳಿಗೆ ಕನೆಕ್ಟರ್ ತುಕ್ಕು ಹಿಡಿಯುತ್ತದೆ, ಆ ಸಂದಿಯಿಂದ ನೀರು ಕೇಬಲ್ ಒಳಗೆ ಇಳಿಯುತ್ತದೆ. ಟಿವಿ ನೋಡುವಾಗ ಸರಿಯಿರುವ ಟ್ಯೂನರ್ ಬಳಕೆಯಾಗುತ್ತಿದ್ದರೆ ತೊಂದರೆ ಗೊತ್ತೇ ಆಗುವುದಿಲ್ಲ.

ಪರೀಕ್ಷೆ ಸುಲಭ. ಬಾಕ್ಸ್‌ನ ಪ್ಲಗ್ ತೆಗೆದು, ಹಿಂಬದಿಯ ಎರಡು ಕೇಬಲ್‌ಗಳನ್ನು ಅದಲುಬದಲು ಮಾಡಿ, ಮತ್ತೆ ಹಚ್ಚಿ. ಮೆನುವಿನಲ್ಲಿ ಎರಡೂ ಟ್ಯೂನರ್‌ಗಳ ಸಿಗ್ನಲ್ ನೋಡಿ. ದೋಷ ಇನ್ನೊಂದು ಟ್ಯೂನರ್‌ಗೆ ಹೋದರೆ ಕೆಟ್ಟಿರುವುದು ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿಯ ಆ ಕಿಂಡಿ. ದೋಷ ಇದ್ದಲ್ಲೇ ಇದ್ದರೆ ಬಾಕ್ಸ್. ಹೊಸ ಬಾಕ್ಸ್‌ಗೆ ಹಣ ಕೊಡುವ ಮುನ್ನ ಇಷ್ಟು ಮಾಡಿದರೆ ಬಹಳ ಸಲ ಒಂದು ಕನೆಕ್ಟರ್‌ನಲ್ಲೇ ಕೆಲಸ ಮುಗಿಯುತ್ತದೆ.

ಸಿಡಿಲು ಮತ್ತು ಕರೆಂಟು

ರೆಕಾರ್ಡಿಂಗ್ ಆಗಬೇಕಾದರೆ ಆ ಹೊತ್ತಿಗೆ ಬಾಕ್ಸ್‌ಗೆ ಕರೆಂಟು ಇರಲೇಬೇಕು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ನಿದ್ರೆಗೆ ಹೋಗುತ್ತದೆ, ಸಮಯ ಬಂದಾಗ ತಾನೇ ಏಳುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ರೆಕಾರ್ಡಿಂಗ್ ಇಲ್ಲ. ಈ ಕಾವಲಿಗೂ ಖರ್ಚಿದೆ: ಬಾಕ್ಸ್ ಹಗಲೂ ರಾತ್ರಿ ಸರಾಸರಿ 15 ವಾಟ್ ಎಳೆಯುತ್ತದೆ ಎಂದುಕೊಂಡರೆ ವರ್ಷಕ್ಕೆ ಸುಮಾರು 131 ಯೂನಿಟ್. ಕರೆಂಟು ಪದೇಪದೇ ಹೋಗುವ ಮನೆಯಲ್ಲಿ ಇದನ್ನು ಇನ್ವರ್ಟರ್ ಲೈನಿಗೆ ಹಾಕುವುದು ಒಳ್ಳೆಯದು. ಬರೆಯುತ್ತಿರುವಾಗ ತಟ್ಟನೆ ಕರೆಂಟು ಹೋಗುವುದು ಹಾರ್ಡ್‌ಡಿಸ್ಕ್‌ಗೆ ಹಿತವಲ್ಲ.

ಆದರೆ ಗುಡುಗು ಬಂದಾಗ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರ್ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಸಿಡಿಲು ಹೆಚ್ಚು. ಸ್ಟೆಬಿಲೈಸರ್ ಇದ್ದರೆ ಸಾಕು ಎಂಬ ಮಾತು ಸರಿಯಲ್ಲ. ಅದು ವೋಲ್ಟೇಜ್ ಏರಿಳಿತಕ್ಕೆ ಇರುವುದು, ಸಿಡಿಲಿಗಲ್ಲ. ಜೊತೆಗೆ ಮಾಡಿನ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲ್‌ಗಳು ಸ್ಟೆಬಿಲೈಸರ್ ಮುಟ್ಟದೆ ನೇರ ಬಾಕ್ಸ್‌ಗೆ ಬರುತ್ತವೆ. ಇಲ್ಲಿ ಅಂಥ ದಾರಿ ಎರಡಿವೆ. ಆದ್ದರಿಂದ ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಮತ್ತು ಎರಡೂ ಕೇಬಲ್ ಕಳಚಿಡಬೇಕು. ಗುಡುಗು ಶುರುವಾದ ಮೇಲೆ ಅವನ್ನು ಮುಟ್ಟಬಾರದು, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಬೇಕು. ಅಂದಿನ ಕಂತು ತಪ್ಪುತ್ತದೆ, ತಪ್ಪಲಿ.

ರೆಕಾರ್ಡ್ ಆದದ್ದು ಯಾರದ್ದು?

ವಿಸಿಆರ್ ಕಾಲದಲ್ಲಿ ಕ್ಯಾಸೆಟನ್ನು ನೆರೆಮನೆಗೆ ಕೊಡಬಹುದಿತ್ತು, ಬೇರೆ ಯಂತ್ರದಲ್ಲಿ ಹಾಕಬಹುದಿತ್ತು. ಡಿಟಿಎಚ್ ಕಂಪನಿಗಳ ರೆಕಾರ್ಡರ್‌ಗಳಲ್ಲಿ ಕಾರ್ಯಕ್ರಮ ಸಾಮಾನ್ಯವಾಗಿ ಬೀಗ ಹಾಕಿದ ಸ್ಥಿತಿಯಲ್ಲೇ ಡಿಸ್ಕ್ ಸೇರುತ್ತದೆ. ಬೀಗದ ಕೈ ಆ ಬಾಕ್ಸ್ ಮತ್ತು ಅದರ ಕಾರ್ಡಿನ ಬಳಿ ಇರುತ್ತದೆ. ಡಿಸ್ಕ್ ತೆಗೆದು ಕಂಪ್ಯೂಟರಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಬಾಕ್ಸ್ ಸುಟ್ಟರೆ, ಬದಲಾದರೆ ರೆಕಾರ್ಡಿಂಗ್‌ಗಳೂ ಹೋದವು. ಚಂದಾ ನಿಲ್ಲಿಸಿದರೆ ಡಿಸ್ಕ್‌ನಲ್ಲಿದ್ದರೂ ತೆರೆಯದಿರಬಹುದು.

ಧಾರಾವಾಹಿ ಹೋದರೆ ದೊಡ್ಡ ನಷ್ಟವಿಲ್ಲ. ಆದರೆ ಚಾನೆಲೊಂದರಲ್ಲಿ ಬಂದ ಅಜ್ಜನ ತಾಳಮದ್ದಳೆಯ ಅರ್ಥಗಾರಿಕೆಯನ್ನೋ, ಮಗಳು ಹಾಡಿದ ಕಾರ್ಯಕ್ರಮವನ್ನೋ ಐದಾರು ವರ್ಷ ಬಾಕ್ಸ್‌ನಲ್ಲೇ ಜೋಪಾನವಾಗಿ ಇಟ್ಟುಕೊಂಡವರಿಗೆ ಅದು ಬೇರೆಯೇ ನಷ್ಟ. ನಿರಂತರ ತಿರುಗುವ ಹಾರ್ಡ್‌ಡಿಸ್ಕ್‌ಗೂ ಆಯಸ್ಸಿದೆ. ಅಂಥದ್ದು ಪ್ರಸಾರವಾದ ವಾರದಲ್ಲೇ ಚಾನೆಲ್‌ನವರನ್ನೋ, ಸಂಘಟಕರನ್ನೋ, ಮೇಳದವರನ್ನೋ ಕೇಳಿ ಮೂಲ ವಿಡಿಯೊ ಪಡೆದು, ಎರಡು ಕಡೆ ಪ್ರತಿ ಇಟ್ಟುಕೊಳ್ಳುವುದು ಸರಿಯಾದ ದಾರಿ.

ಹಾಗಾದರೆ ಈ ಪೆಟ್ಟಿಗೆಯಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಏಳೂವರೆಯ ಕಾರ್ಯಕ್ರಮವನ್ನು ಹತ್ತಕ್ಕೆ ನೋಡಬಹುದು, ಜಾಹೀರಾತು ಓಡಿಸಬಹುದು, ರಿಮೋಟ್‌ಗಾಗಿ ಮನೆಯಲ್ಲಿ ಆಗುವ ಜಗಳ ತಗ್ಗಿಸಬಹುದು. ಅದು ಮಾಡುವುದು ಹೊತ್ತನ್ನು ಮುಂದಕ್ಕೆ ಹಾಕುವ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ಮಳೆಯನ್ನು ತಡೆಯುವ ಕೆಲಸ ಮತ್ತು ನೆನಪುಗಳನ್ನು ಕಾಯುವ ಕೆಲಸವನ್ನು ಅದಕ್ಕೆ ವಹಿಸಬಾರದು.