ಖಾಕಿಯ ಮೇಲಿನ ಗಂಡಭೇರುಂಡ

ಸೊಕ್ಕೆಯ ಮಕ್ಕಳು ಜಾತ್ರೆಯಲ್ಲೋ ಜಗಳೂರಿನ ಬಸ್ ನಿಲ್ದಾಣದಲ್ಲೋ ಪೊಲೀಸರನ್ನು ನೋಡಿಯೇ ಇರುತ್ತಾರೆ. ಖಾಕಿ ಕಂಡರೆ ಕೆಲವರಿಗೆ ಧೈರ್ಯ, ಕೆಲವರಿಗೆ ಅಂಜಿಕೆ. ಆದರೆ ಆ ಸಮವಸ್ತ್ರದ ಮೇಲಿನ ಗುರುತುಗಳನ್ನು ಓದಬಲ್ಲವರು ಎಷ್ಟು ಮಂದಿ?

ರಾಜ್ಯ ಪೊಲೀಸರ ಲಾಂಛನದ ನಡುವೆ ಇರುವುದು ಎರಡು ತಲೆಯ ಹಕ್ಕಿ ಗಂಡಭೇರುಂಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕ್ರಿ.ಶ. 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬ ಇಂದಿಗೂ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಹಕ್ಕಿ ಕೊಕ್ಕು, ಕಾಲುಗಳಲ್ಲಿ ಆನೆಗಳನ್ನೇ ಹಿಡಿದಿದೆ. ಮುಂದೆ ಇದು ಮೈಸೂರು ಒಡೆಯರ ರಾಜಲಾಂಛನವಾಯಿತು. ಸ್ವಾತಂತ್ರ್ಯಕ್ಕೆ ಮೊದಲು ಜಗಳೂರು ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಹರಪನಹಳ್ಳಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಒಂದೆಡೆ ಗಂಡಭೇರುಂಡದ ಆಡಳಿತ, ಇನ್ನೊಂದೆಡೆ ಕಿರೀಟದ ಆಡಳಿತ!

ರಾಜ್ಯ ಲಾಂಛನದಲ್ಲಿ ಹಕ್ಕಿಯ ಎರಡೂ ಪಕ್ಕದಲ್ಲಿ ಆನೆಯ ತಲೆ, ಸಿಂಹದ ಮೈಯ ಪ್ರಾಣಿಗಳಿವೆ. ಆನೆ ವಿವೇಕಕ್ಕೆ, ಸಿಂಹ ಶೌರ್ಯಕ್ಕೆ ಗುರುತು ಎನ್ನುತ್ತಾರೆ. ಮೇಲೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'. ಸಿಂಹಗಳು ನಾಲ್ಕು, ಎದುರಿನಿಂದ ಕಾಣುವುದು ಮೂರೇ. ಶಕ್ತಿ ಎಷ್ಟೇ ಇರಲಿ, ಅದು ಸತ್ಯದ ಆಧಾರದ ಮೇಲೆ ನಿಲ್ಲಬೇಕೆಂಬುದು ಇದರ ತಾತ್ಪರ್ಯ.

ಇನ್ನು ದರ್ಜೆಯ ಗುರುತುಗಳು. ತೋಳಿನಲ್ಲಿ ಬಾಣದ ತುದಿಯಂಥ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೇಬಲ್. ಭುಜದಲ್ಲಿ ಕೆಂಪು-ನೀಲಿ ರಿಬ್ಬನ್ ಜೊತೆಗೆ ಒಂದು ನಕ್ಷತ್ರವಿದ್ದರೆ ಎ.ಎಸ್.ಐ., ಎರಡಿದ್ದರೆ ಸಬ್ ಇನ್‌ಸ್ಪೆಕ್ಟರ್, ಮೂರಿದ್ದರೆ ಇನ್‌ಸ್ಪೆಕ್ಟರ್. ರಿಬ್ಬನ್ ಇಲ್ಲದ ಮೂರು ನಕ್ಷತ್ರ ಡಿವೈಎಸ್‌ಪಿಯದು. ಎಸ್‌ಪಿ ಭುಜದಲ್ಲಿ ಸಿಂಹ ಲಾಂಛನವಿರುತ್ತದೆ. ಐಜಿಪಿಯವರಿಗೆ ಒಂದರ ಮೇಲೊಂದು ಅಡ್ಡಲಾಗಿಟ್ಟ ಖಡ್ಗ ಮತ್ತು ದಂಡ, ಮೇಲೊಂದು ನಕ್ಷತ್ರ.

ಇವೆಲ್ಲ ಅಲಂಕಾರವಲ್ಲ, ಅಧಿಕಾರದ ವಿಳಾಸ. ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ (1996) ಸುಪ್ರೀಂ ಕೋರ್ಟ್, ಬಂಧಿಸುವ ಪೊಲೀಸರು ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಫಲಕ ಧರಿಸಲೇಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಕೂಡ ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕೆನ್ನುತ್ತದೆ. ಬಂಧನದ ಪತ್ರಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು.

ಆದ್ದರಿಂದ ಪೋಷಕರೇ, ಊಟ ಮಾಡದ ಮಗುವಿಗೆ 'ಪೊಲೀಸರಿಗೆ ಹಿಡಿದುಕೊಡ್ತೀನಿ' ಎಂದು ಹೆದರಿಸಬೇಡಿ. ಆ ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಹುಡುಕಬೇಕಾದದ್ದು ಇದೇ ಖಾಕಿಯನ್ನು. ಹೆದರಿ ದೂರ ಓಡುವ ಬದಲು ಹತ್ತಿರ ಹೋಗಿ ಎದೆಯ ಮೇಲಿನ ಹೆಸರು ಓದುವುದನ್ನು ಕಲಿಸಿ.