ಸಭೆಯ ದಿನಾಂಕವೂ ಕನ್ನಡದಲ್ಲೇ ಮನೆ ತಲುಪಲಿ



ಗಡಿನಾಡಿನ ಕನ್ನಡ ಶಾಲೆಗಳ ಉಳಿವಿನ ಮಾತು ಬಂದಾಗಲೆಲ್ಲ ಶಿಕ್ಷಕರ ನೇಮಕ, ಪಠ್ಯಪುಸ್ತಕ, ಮಕ್ಕಳ ಸಂಖ್ಯೆ ಇವುಗಳನ್ನೇ ನಾವು ಚರ್ಚಿಸುತ್ತೇವೆ. ಆಗಬೇಕಾದ ಚರ್ಚೆಯೇ ಅದು. ಆದರೆ ಇವನ್ನೆಲ್ಲ ಕೇಳಲು ಒಂದು ದಿನ, ಒಂದು ಹೊತ್ತು, ಒಂದು ಸಭೆ ಇರುತ್ತದೆ. ಆ ದಿನವೇ ತಮಗೆ ತಿಳಿಯದೆ ಹೋದರೆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು. 2024ರ ಡಿಸೆಂಬರ್ 7ರಂದು ಆಂಧ್ರ ಸರಕಾರ ರಾಜ್ಯದಾದ್ಯಂತ ಶಾಲೆಗಳಲ್ಲಿ ಒಂದೇ ದಿನ ಪಾಲಕರ ಮಹಾಸಭೆ ನಡೆಸಿತು. ಇಂಥ ದಿನ ಕನ್ನಡ ಪಾಲಕರ ಕುರ್ಚಿಗಳು ಖಾಲಿ ಇದ್ದರೆ, 'ಇಲ್ಲಿ ಕನ್ನಡ ಕೇಳುವವರೇ ಇಲ್ಲ' ಎಂದು ಬರೆದುಕೊಳ್ಳುವುದು ಯಾರಿಗಾದರೂ ಸುಲಭ.

ತಮ್ಮ ಕಷ್ಟವೂ ನಮಗೆ ಗೊತ್ತು. ರಾಯದುರ್ಗದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಿಗೆ, ಮಡಕಶಿರಾದಿಂದ ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಮಗುವಿನ ಚೀಲದಲ್ಲಿರುವ ಚೀಟಿ ತಲುಪುವುದಿಲ್ಲ. ವಾಟ್ಸಾಪ್‌ಗೆ ಬಂದ ಸುದ್ದಿ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಈಗ ನಮಗೆ ಜಿಲ್ಲಾ ಕಚೇರಿಗಳೂ ಎರಡು.

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಕಿರಾಣಿ ಅಂಗಡಿಯಲ್ಲಿ ಹಣ ಕೊಡಲು ತಾವು ಫೋನು ಹಿಡಿಯುವ ಆ ಕಪ್ಪು ಬಿಳುಪಿನ ಚೌಕ, ಅಂದರೆ ಕ್ಯೂಆರ್ ಕೋಡ್, 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿತು. ಹಣದ ವಿಳಾಸದಂತೆಯೇ ಸಭೆಯ ಹೆಸರು, ದಿನ, ಗಂಟೆ, ಸ್ಥಳಗಳನ್ನೂ ಅದರಲ್ಲಿ ತುಂಬಬಹುದು. ಶಾಲೆಯ ಸೂಚನಾಪತ್ರದ ಮೂಲೆಯಲ್ಲಿ ಅದನ್ನು ಅಚ್ಚು ಹಾಕಿದರೆ, ತಾವು ಫೋನು ಹಿಡಿದು ಒಮ್ಮೆ ಒಪ್ಪಿಗೆ ಒತ್ತಿದರೆ ಸಾಕು, ಆ ದಿನ ಫೋನಿನ ಕ್ಯಾಲೆಂಡರಿನಲ್ಲಿ ಕೂರುತ್ತದೆ. ಹಿಂದಿನ ದಿನವೇ ನೆನಪಿಸುವಂತೆಯೂ ಇಟ್ಟುಕೊಳ್ಳಬಹುದು. ವಿವರಗಳು ಕೋಡಿನ ಒಳಗೇ ಇದ್ದರೆ ಅದನ್ನು ಓದಲು ಇಂಟರ್‌ನೆಟ್ ಕೂಡ ಬೇಕಿಲ್ಲ. ಊರಿನಲ್ಲಿರುವವರು ಚೌಕದ ಚಿತ್ರ ತೆಗೆದು ಬೆಂಗಳೂರಿನಲ್ಲಿರುವವರಿಗೆ ಕಳಿಸಿಕೊಡಬಹುದು.

ಕನ್ನಡದಲ್ಲಿ ಇದು ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಸಂದೇಹಕ್ಕೆ ಕಾರಣವಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೇಕು. ತುಂಬಿದಷ್ಟೂ ಚುಕ್ಕೆಗಳು ಕಿರಿದಾಗಿ ಅಗ್ಗದ ಫೋನು ಓದಲಾರದು. ಆದರೆ ಅತಿ ದೊಡ್ಡ ಕೋಡಿನಲ್ಲಿ 2,953 ಬೈಟ್ ಹಿಡಿಸುತ್ತದೆ. 'ಪಾಲಕರ ಸಭೆ, ಕನ್ನಡ ಶಾಲೆ' ಎಂಬಷ್ಟಕ್ಕೆ ಅದರ ಮೂಲೆಯೂ ತುಂಬದು. ಆದ್ದರಿಂದ ಕನ್ನಡದಲ್ಲಿ ಆಗುವುದಿಲ್ಲವೆಂದು ಯಾರೇ ಹೇಳಿದರೂ ಒಪ್ಪಬೇಡಿ. ಚುಟುಕಾಗಿ ಬರೆದರೆ ಆಗುತ್ತದೆ.

ಎಚ್ಚರಿಕೆಯ ಮಾತುಗಳೂ ಇವೆ. ಕೋಡು ಮಾಡುವಾಗ ವೇಳೆಯನ್ನು ಭಾರತದ ವೇಳೆಯಲ್ಲೇ ಕೊಡಬೇಕು. ಅಂತರರಾಷ್ಟ್ರೀಯ ವೇಳೆಯ ಗುರುತು ಸೇರಿಬಿಟ್ಟರೆ ಬೆಳಗಿನ 10 ಗಂಟೆಯ ಸಭೆ ಫೋನಿನಲ್ಲಿ ಮಧ್ಯಾಹ್ನ 3.30 ಎಂದು ಕಾಣುತ್ತದೆ. ಅಚ್ಚಿಗೆ ಮುಂಚೆ ಎರಡು ಮೂರು ಬಗೆಯ ಫೋನುಗಳಲ್ಲಿ ಪರೀಕ್ಷಿಸಬೇಕು. ಸಭೆ ಮುಂದಕ್ಕೆ ಹೋದರೆ, ಹೀಗೆ ಉಳಿಸಿಕೊಂಡ ದಿನಾಂಕ ತಾನಾಗಿ ಬದಲಾಗದು. ಶಾಲೆ ಹೊಸ ಕೋಡು ಕೊಡಬೇಕು. ಇನ್ನು ತಾವು: ದಿನಾಂಕ ಉಳಿಸಲು ಪಿನ್ ಆಗಲಿ ಒಟಿಪಿ ಆಗಲಿ ಬೇಕಿಲ್ಲ. ಕೇಳಿದರೆ ಅದು ಮೋಸ, ತಕ್ಷಣ ಮುಚ್ಚಿಬಿಡಿ.

ಎಲ್ಲರ ಕೈಯಲ್ಲೂ ಕ್ಯಾಮೆರಾ ಫೋನಿಲ್ಲ ಎಂಬುದನ್ನು ಶಾಲೆಗಳು ಮರೆಯಬಾರದು. ಚೌಕದ ಪಕ್ಕದಲ್ಲೇ ದಿನ, ಗಂಟೆ, ಸ್ಥಳ ದಪ್ಪ ಕನ್ನಡ ಅಕ್ಷರದಲ್ಲಿ ಇರಲೇಬೇಕು. ಓದು ಬಾರದ ತಾಯಿಗೆ ಮಗುವೇ ಓದಿ ಹೇಳಬೇಕು. ಕೋಡು ಬಂತೆಂದು ಕನ್ನಡ ಸೂಚನೆಯನ್ನೇ ಕೈಬಿಟ್ಟರೆ ಸಹಾಯಕ್ಕೆ ಬಂದದ್ದೇ ಅಪಾಯಕ್ಕೆ ದಾರಿಯಾದೀತು.

ಆದ್ದರಿಂದ ಪಾಲಕರೇ, ಮುಂದಿನ ಸಲ ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯರನ್ನು ಎರಡು ಮಾತು ಕೇಳಿ: ಸಭೆ, ಶುಲ್ಕ, ಪರೀಕ್ಷೆಗಳ ದಿನಾಂಕ ಕನ್ನಡದಲ್ಲಿ ಬರಲಿ, ಅದರ ಜೊತೆಗೆ ಕೋಡೂ ಇರಲಿ. ಮಾಡಿಕೊಡಲು ನಮ್ಮಂಥ ಶಿಕ್ಷಕರಿಗೆ ಹತ್ತು ನಿಮಿಷ ಸಾಕು. ಆ ದಿನ ಬಂದು ಕೂರುವುದು, ಕನ್ನಡದಲ್ಲೇ ಮಾತಾಡುವುದು ತಮ್ಮ ಕೆಲಸ. ಅದನ್ನು ಯಾವ ಯಂತ್ರವೂ ಮಾಡಲಾರದು.