ಬಣ್ಣ ಬಿಡಿ, ಬಾಯಿ ನೋಡಿ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯವಳಾದ ನನಗೂ ಸಮುದ್ರದ ಮೀನಿಗೂ ಏನು ಸಂಬಂಧ ಅಂತೀರಾ? ಈಗ ಎರಡು ದಿನ ರಜೆ ಸಿಕ್ಕರೆ ಸಾಕು, ನಮ್ಮ ಕಡೆ ಹುಡುಗರೂ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಡೈವಿಂಗ್‌ಗೆ ಹೋಗ್ತಾರೆ. ಕಾಸು ಕೂಡಿಸಿದವರು ಮಾಲ್ಡೀವ್ಸ್‌ಗೆ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ: “ಇದ್ಯಾವ ಮೀನು?” ಅದಕ್ಕೇ ಈ ಸಲ ಒಂದು ಪುಟ್ಟ ಮೀನಿನ ವಿಚಾರ.

ಮಾಲ್ಡೀವ್ಸ್ ಸೇರಿದಂತೆ ಹಿಂದೂ ಮಹಾಸಾಗರ, ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ‘ಕ್ಲೀನರ್ ರಾಸ್’ ಎಂಬ ಮೀನಿದೆ. ಸುಮಾರು 10 ಸೆಂ.ಮೀ. ಉದ್ದ, ತಿಳಿನೀಲಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟಿ. ದೊಡ್ಡ ಮೀನುಗಳ ಮೈಗೆ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿನ್ನೋದು ಇದರ ಕಸುಬು. ಅವು ತಾವಾಗಿಯೇ ಬಂದು ಬಾಯಿ ತೆರೆದು ನಿಲ್ಲುತ್ತವೆ. ಇದು ಒಳಗೆ ಹೋಗಿ ಬಂದರೂ ನುಂಗುವುದಿಲ್ಲ. ಅಷ್ಟು ನಂಬಿಕೆ!

ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಇನ್ನೊಂದು ಮೀನು ಬ್ಲೆನ್ನಿ ಕುಟುಂಬದ್ದು. ವಿಜ್ಞಾನಿಗಳು ಇಟ್ಟ ಹೆಸರು ಆಸ್ಪಿಡಾಂಟಸ್ ಟೀನಿಯಾಟಸ್. ಅದೇ ಅಳತೆ, ಅದೇ ಬಣ್ಣ, ಅದೇ ಪಟ್ಟಿ. ಗಿರಾಕಿ ಕರೆಯುವ ಕುಣಿತ ಕೂಡ ಅದೇ! ಹತ್ತಿರ ಬಂದ ಮೀನಿನ ರೆಕ್ಕೆಯನ್ನು ಚಕ್ಕಂತ ಕಚ್ಚಿ ಪರಾರಿ. ಸದಾ ಇದೇ ಕೆಲಸ ಅಲ್ಲ. ಹುಳು, ಬೇರೆ ಮೀನಿನ ಮೊಟ್ಟೆಗಳೂ ಅದರ ಊಟ.

ಹಾಗಾದರೆ ಗುರುತಿಸೋದು ಹೇಗೆ? ನಮ್ಮಲ್ಲಿ ಅಟ್ಟದ ಮೇಲಿನ ಕಾಯಿಯನ್ನು ಬರೀ ಕಣ್ಣಲ್ಲಿ ನೋಡಿ ಕೊಬ್ಬರಿ ಆಗಿದೆ ಅನ್ನೊಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ಗಿಟುಕು ಸದ್ದು ಮಾಡಬೇಕು. ಇಲ್ಲೂ ಹಾಗೇ, ಹೊರಗಿನ ಬಣ್ಣ ನಂಬಬೇಡಿ.

ಮೊದಲು ಬಾಯಿ ನೋಡಿ. ರಾಸ್‌ನ ಬಾಯಿ ಮೂತಿಯ ತುದಿಯಲ್ಲೇ ಇರುತ್ತೆ. ಬ್ಲೆನ್ನಿಯದು ಮೂತಿಯ ಕೆಳಗೆ, ಪುಟ್ಟ ಶಾರ್ಕ್‌ನ ಹಾಗೆ. ಒಳಗೆ ಕೆಳದವಡೆಯಲ್ಲಿ ಎರಡು ದೊಡ್ಡ ಕೋರೆಹಲ್ಲು. ಆಮೇಲೆ ಬೆನ್ನು ನೋಡಿ. ಬ್ಲೆನ್ನಿಯ ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದಲೇ ಶುರು; ರಾಸ್‌ನದು ಇನ್ನೂ ಸ್ವಲ್ಪ ಹಿಂದೆ. ಇನ್ನು ನಡವಳಿಕೆ: ಬಿಲದಿಂದ ತಲೆ ಮಾತ್ರ ಹೊರಗಿಟ್ಟು ಇಣುಕುತ್ತಿದ್ದರೆ ಅದು ಬ್ಲೆನ್ನಿಯೇ ಅನ್ನಿ.

ಬರೀ ಹೆಸರಿನ ಪ್ರಶ್ನೆ ಅಲ್ಲ ಇದು. ಅಸಲಿಗಿಂತ ನಕಲಿ ಕಡಿಮೆ ಇರುವವರೆಗೆ ಮಾತ್ರ ಈ ಆಟ ನಡೆಯೋದು. ನಕಲಿ ಹೆಚ್ಚಾದರೆ ಗಿರಾಕಿಗಳು ಅಸಲಿಯನ್ನೂ ನಂಬೊಲ್ಲ. ಆಗ ಪ್ರಾಮಾಣಿಕ ಮೀನಿಗೆ ಊಟ ಇಲ್ಲ, ದೊಡ್ಡ ಮೀನಿಗೆ ಚಿಕಿತ್ಸೆ ಇಲ್ಲ. ಮೋಸದ ಬೆಲೆ ಕೊಡೋದು ಮೋಸ ಹೋದವರು ಮಾತ್ರ ಅಲ್ಲ, ನೆಟ್ಟಗೆ ದುಡಿಯುವವರೂ.

ಮುಂದಿನ ಸಲ ಡೈವ್ ಮಾಡಿದಾಗ ಪಕ್ಕದಿಂದ ಫೋಟೋ ತೆಗೆಯಿರಿ, ಮೂತಿ ಕಾಣಲಿ. ಹವಳ ಮಾತ್ರ ಮುಟ್ಟಬೇಡಿ. ಆ ಪುಟ್ಟ ಬಿಲ ಯಾರದೋ ಮನೆ.